ಎಣ್ಣೆಬುಡ್ಡಿಯ ಮಾತು

ಹೆಬ್ಬೆರಳಿನ ಉಗುರಿನ ಸಂದಿಯ ಕಪ್ಪು ಮಾತ್ರ ಬಿಡಲೊಲ್ಲದು. ಅತ್ತಿಗೆ ಹತ್ತಿಯ ಚೂರನ್ನು ಇನ್ನೊಮ್ಮೆ ಸೀಮೆಎಣ್ಣೆಯಲ್ಲಿ ಅದ್ದಿ, ಗಂಡನ ತಣ್ಣಗಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದಳು. ಉಳಿದ ಬೆರಳುಗಳೆಲ್ಲ ಬೆಳ್ಳಗಾಗಿ ಯಾರೋ ಗುಮಾಸ್ತನ ಬೆರಳುಗಳಂತೆ ಕಾಣುತ್ತಿದ್ದವು. ಅದಕ್ಕೇ ಏನೋ, ಈ ಒಂದು ಬೆರಳಿನ ಕಪ್ಪು ಹೋಗಬೇಕೋ ಬೇಡವೋ ಎಂದು ತಿಳಿಯದೆ ಅವಳ ಕೈ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಆಡುತ್ತಿತ್ತು.

"ಬಿಡು ಅತ್ತಿಗೆ," ಎಂದಳು ಪಕ್ಕದಲ್ಲಿ ಕುಳಿತಿದ್ದ ನಾದಿನಿ. "ಇಡೀ ಜನ್ಮ ಹೋಗದ್ದು ಈಗ ಹೋಗುತ್ತಾ? ಎಣ್ಣೆ ಇಲ್ಲದ ಕೈ ಕಂಡ್ರೆ ಮೇಲಿನೋರು ಇವನಲ್ಲ ಅವನು ಅಂತ ವಾಪಸ್ ಕಳಿಸ್ತಾರೆ."

ಹೇಳಿದವಳು ತಾನೇ ತಡೆಯಲಾರದೆ ಅತ್ತಳು. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಕೂಗಿ ಕೂಗಿ ಬೆಳೆದ ಗಂಟಲು ಅವಳದು. ಅತ್ತದ್ದು ಬೀದಿಯ ತಿರುವಿಗೂ ಕೇಳಿತು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಹೊಲಿಗೆ ಮಿಷನ್ನುಗಳು ಸಾಲಾಗಿ ಕುಳಿತಿದ್ದವು. ಕೆಲವಕ್ಕೆ ತಲೆ ಇಲ್ಲ, ಕೆಲವಕ್ಕೆ ಕಾಲಿಲ್ಲ. ಕೆಲಸದ ಮೇಜನ್ನು ಗೋಡೆಗೆ ಒತ್ತಿ, ಆ ಜಾಗದಲ್ಲಿ ಮಂಚ ಹಾಕಿ ಅವನನ್ನು ಮಲಗಿಸಿದ್ದರು. ನಿನ್ನೆ ಮಧ್ಯಾಹ್ನ ಅವನು ಬಿದ್ದದ್ದೂ ಅಲ್ಲಿಯೇ, ಮೇಜಿಗೂ ಹಲಗೆಗೂ ನಡುವೆ.

ಬಾಗಿಲಲ್ಲಿ ನೆರಳಾಡಿತು. ದಪ್ಪನೆಯ ಹೆಂಗಸೊಬ್ಬಳು ಒಳಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು. ಕತ್ತರಿ ಕೆಳಗಿಟ್ಟವಳೇ ಬಸ್ಸು ಹತ್ತಿದ್ದಳೆಂದು ಕಾಣುತ್ತದೆ. ಅವಳ ಹಿಂದೆ ಇನ್ನೂ ನಾಲ್ಕೈದು ಜನ, ಯಾರೂ ಈ ಬೀದಿಯವರಲ್ಲ. ಎಲ್ಲರಿಗಿಂತ ಹಿಂದೆ, ಹೊಸ್ತಿಲಾಚೆಯೇ ನಿಂತ ಒಬ್ಬ ಉದ್ದನೆಯ ಮುದುಕ.

"ನಾನು ಗುಂಡಿ," ಎಂದಳು ಆ ಹೆಂಗಸು, ಕೈ ಜೋಡಿಸಿ.

ನಾದಿನಿ ಅವಳ ಗಾತ್ರವನ್ನು ಮೇಲಿಂದ ಕೆಳಗೆ ನೋಡಿದಳು. "ಏನಂದ್ರಿ?"

"ಕಟ್ಟೇಲಿ ನನ್ನ ಹೆಸರು ಗುಂಡಿ. ಶಾಲೆ ಮಕ್ಕಳ ಬಟ್ಟೆ ಹೊಲೀತೀನಿ."

ಕಟ್ಟೆ ಎಂದರೆ ಫೋನಿನೊಳಗಿನ ಕಟ್ಟೆ. ಊರೂರಿನ ದರ್ಜಿಗಳು, ಮಿಷನ್ ರಿಪೇರಿಯವರು, ಮನೆಯಲ್ಲೇ ಹೊಲಿಯುವವರು ಅಲ್ಲಿ ಬಂದು ಕೂರುತ್ತಾರೆ. ನೂಲು ಯಾಕೆ ಸಿಕ್ಕಾಗುತ್ತದೆ, ಸೂಜಿ ಯಾಕೆ ಮುರಿಯುತ್ತದೆ ಎಂದು ಕೇಳುತ್ತಾರೆ, ಬಲ್ಲವರು ಬರೆದು ಹೇಳುತ್ತಾರೆ. ಅಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ. ಕಟ್ಟೆ ನೋಡಿಕೊಳ್ಳುವವಳು ಗುಂಡಿ. ಮಂಚದ ಮೇಲೆ ಮಲಗಿದ್ದವನು ಎಣ್ಣೆಬುಡ್ಡಿ. ಬಾಗಿಲಾಚೆ ನಿಂತವನು, ಸೋಫಾ ಹೊಲಿಯುವವನು, ದಬ್ಬಣ.

ಗುಂಡಿ ಮಂಚದ ಹತ್ತಿರ ಬಂದು ಬಹಳ ಹೊತ್ತು ಆ ಮುಖ ನೋಡಿದಳು. "ಇಷ್ಟು ವರ್ಷ ಓದಿ ಮುಖ ನೋಡ್ತಿರೋದು ಇವತ್ತು. ಅಷ್ಟು ಮಾತುಗಾರರು ಹೀಗೆ ಸುಮ್ನೆ ಮಲಗಿರೋದನ್ನ ನೋಡೋಕಾಗ್ತಿಲ್ಲ ತಾಯಿ."

ನಾದಿನಿಯ ಅಳು ಅಲ್ಲಿಗೇ ನಿಂತಿತು. "ಯಾರು ಮಾತುಗಾರ?"

"ಇವ್ರೇ."

"ನಿಮಗೆಲ್ಲೋ ಮನೆ ತಪ್ಪಿದೆ ನೋಡಿ. ನಮ್ಮಣ್ಣ ನನ್ನ ಮದುವೆ ದಿನ ಆಡಿದ್ದು ಒಂದೇ ಮಾತು, 'ಬಸ್ ಬಂತು' ಅಂತ. ಅದೂ ಬಸ್ ಹೋದ ಮೇಲೆ. ಮೌನ ಬಂಗಾರ ಅಂತಾರಲ್ಲ, ಹಾಗಿದ್ರೆ ಇವನನ್ನ ಒಯ್ದು ಅಡ ಇಡಬಹುದಿತ್ತು."

ಬಂದವರು ನಗಬೇಕೋ ಬೇಡವೋ ಎಂದು ಮುಖ ಮುಖ ನೋಡಿಕೊಂಡರು. ಅತ್ತಿಗೆ ತಲೆ ಎತ್ತಲಿಲ್ಲ. ಗಂಡನ ಹೆಬ್ಬೆರಳನ್ನು ತನ್ನ ಬೆರಳುಗಳೊಳಗೆ ಮುಚ್ಚಿಟ್ಟುಕೊಂಡಳು.

* * *

ನಿನ್ನೆ ಕಟ್ಟೆಗೆ ಸುದ್ದಿ ಮುಟ್ಟಿಸಿದ್ದೂ, ಮೊದಲು ಅವನನ್ನು ಅಲ್ಲಿಗೆ ಸೇರಿಸಿದ್ದೂ ಒಬ್ಬಳೇ ಗಿರಾಕಿ. "ನಿಮ್ಮಂಥೋರು ಅಲ್ಲಿರ್ಬೇಕು," ಎಂದು ಫೋನಿನಲ್ಲಿ ಏನೇನೋ ಒತ್ತಿ ಕೈಗೆ ಕೊಟ್ಟು ಹೋದಳು. ಆದರೆ ಎಣ್ಣೆ ಕುಡಿದು ಕುಡಿದು ಚರ್ಮ ಗಟ್ಟಿಯಾದ ಅವನ ಬೆರಳು ಒತ್ತಿದರೆ ಫೋನಿಗೆ ತಿಳಿಯುತ್ತಲೇ ಇರಲಿಲ್ಲ. ಒತ್ತಿದ, ಒರೆಸಿಕೊಂಡು ಒತ್ತಿದ, ಕೊನೆಗೆ ಹೆಂಡತಿಯ ಕೈಗಿಟ್ಟ. "ಇದು ನನ್ನನ್ನ ಮನುಷ್ಯ ಅಂತ ಒಪ್ತಿಲ್ಲ," ಎಂದ. ಅವನ ಲೆಕ್ಕಕ್ಕೆ ಅದು ಒಂದು ಭಾಷಣ.

ಅತ್ತಿಗೆ ಅಕ್ಷರ ಕಲಿತದ್ದು ತಡವಾಗಿ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಚು ಮಡಿಸುವ ಕೆಲಸ ಮುಗಿಸಿ ಸಂಜೆಯ ತರಗತಿಗೆ ಹೋಗಿ. ಅವಳಿಗೆ ಬರವಣಿಗೆ ಎಂದರೆ ಬಾಯಲ್ಲಿರುವುದನ್ನು ಇಳಿಸಿಡುವುದು. ಬರೆಯುವಾಗ ಮಾತನ್ನು ತೆಗೆದುಹಾಕಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ದಿನ ಯಾರೋ ಹೆಂಗಸು ಕೇಳಿದ್ದಳು: ಹೊಲಿಗೆ ನಡುನಡುವೆ ಬಿಟ್ಟು ಹೋಗುತ್ತಿದೆ, ಏನು ಮಾಡಲಿ? ಅತ್ತಿಗೆ ಅದನ್ನು ಓದಿ ಹೇಳಿದಳು. ಅವನು ತಲೆಯಾಡಿಸಿದ, ಎದ್ದು ಹೋಗಿ ಹಲಗೆಯಿಂದ ಅದೇ ಜಾತಿಯ ಮಿಷನ್ನು ಇಳಿಸಿಕೊಂಡು ಬಿಚ್ಚತೊಡಗಿದ. ಅವನ ರೀತಿಯೇ ಹಾಗೆ. ಗೊತ್ತಿದ್ದದ್ದೇ ಆದರೂ ನೆನಪಿನಿಂದ ಹೇಳುವವನಲ್ಲ. ಕೈ ಒಮ್ಮೆ ಮುಟ್ಟಿ ಬರಬೇಕು, ಆಮೇಲೆ ಬಾಯಿ.

ಇತ್ತ ಅತ್ತಿಗೆ ಫೋನು ಹಿಡಿದು ಕುಳಿತಳು. ಆ ಕಡೆ ಒಬ್ಬಳು ಕಾಯುತ್ತಿದ್ದಾಳೆ. ಬಾಗಿಲಿಗೆ ಬಂದವರನ್ನು ಮಾತಿಲ್ಲದೆ ನಿಲ್ಲಿಸುವುದುಂಟೆ? 'ಸ್ವಲ್ಪ ಇರಿ, ನೋಡ್ತಿದೀನಿ' ಎಂದು ಬರೆದು ಕಳಿಸಿದಳು. ಹೆಸರು ಅವನದಾದ್ದರಿಂದ ಬರೆಯುವವನೂ ಅವನೇ ಆದ. ಅವನು ಇನ್ನೂ ಸ್ಕ್ರೂ ಬಿಚ್ಚುತ್ತಿದ್ದ. ಅತ್ತಿಗೆ ಕಿಟಕಿಯತ್ತ ನೋಡಿದಳು. 'ಎದುರು ಮಹಡಿಯಲ್ಲಿ ಒಬ್ಬಳು ಹೊದಿಕೆ ಒಣಹಾಕ್ತಿದಾಳೆ. ಗಾಳಿ ಬಿಡ್ತಿಲ್ಲ. ಒಂದು ತುದಿ ಸಿಕ್ಕಿಸಿದ್ರೆ ಇನ್ನೊಂದು ತುದಿ ಅವಳ ತಲೆಗೇ ಸುತ್ತಿಕೊಳ್ತಿದೆ.' ಅದನ್ನೂ ಕಳಿಸಿದಳು. 'ಅಯ್ಯೋ, ಹಾರ್ತು.' ಅದನ್ನೂ.

ಅಷ್ಟರಲ್ಲಿ ಅವನು, "ಸೂಜಿ ಉಲ್ಟಾ ಹಾಕಿದಾಳೆ," ಎಂದ. ಅತ್ತಿಗೆ ಅದನ್ನು ಬರೆದು ಫೋನು ಕೆಳಗಿಟ್ಟಳು.

ತುಸು ಹೊತ್ತಿಗೆ ಉತ್ತರ ಬಂತು: 'ಸರಿಹೋಯ್ತು, ಬಹಳ ಉಪಕಾರ. ಆಮೇಲೆ ಆ ಹೊದಿಕೆ ಸಿಕ್ತಾ?'

ಅತ್ತಿಗೆ ಅದನ್ನು ಎರಡು ಸಲ ಓದಿದಳು. ತಾನು ಆಡಿದ ಮಾತಿಗೆ ಯಾರಾದರೂ 'ಆಮೇಲೆ?' ಎಂದು ಕೇಳಿದ್ದು ಅವಳ ನೆನಪಿನಲ್ಲಿರಲಿಲ್ಲ.

* * *

ಶವ ಒಯ್ಯುವ ಗಾಡಿ ತಡವೆಂದು ತಿಳಿದು ಎಲ್ಲರೂ ಸಿಕ್ಕಲ್ಲಿ ಕುಳಿತಿದ್ದರು. ಗುಂಡಿ ಕಟ್ಟೆಯಲ್ಲಿ ಬಂದ ಸಂತಾಪದ ಮಾತುಗಳನ್ನು ಓದಿ ಹೇಳುತ್ತಿದ್ದಳು. ಎಲ್ಲರೂ ಎಣ್ಣೆಬುಡ್ಡಿಯ ಹಾಗೆಯೇ ತುಂಡು ತುಂಡಾಗಿ, ಕಿಟಕಿಯಿಂದ ಶುರುಮಾಡಿ ಬರೆದಿದ್ದರು.

"'ನಮ್ಮ ಕಿಟಕಿಯಾಚೆ ಇವತ್ತು ಗುಬ್ಬಿಗಳೂ ಅಳುತ್ತಿವೆ.' ಇದು ಪರದೆ ಹೊಲಿಯೋನು ಬರ್ದಿರೋದು. ಎಷ್ಟು ಚೆನ್ನಾಗಿದೆ ಅಲ್ವಾ?"

ಗುಬ್ಬಿ ಎಲ್ಲಾದರೂ ಅಳುತ್ತದೆಯೆ, ಎಂದುಕೊಂಡಳು ಅತ್ತಿಗೆ. ಕಣ್ಣಿಗೆ ಕಾಣದ ಒಂದನ್ನೂ ಅವಳು ಬರೆದವಳಲ್ಲ. ಇವತ್ತು ಬರೆಯುವುದಾದರೆ ಎದುರು ಮನೆಯವನು ಗಾಡಿ ತಿರುಗಿಸಲು ಜಾಗವಾಗಲಿ ಎಂದು ತನ್ನ ಸ್ಕೂಟರನ್ನು ಮೂರನೆಯ ಸಲ ಸರಿಸುತ್ತಿರುವುದನ್ನು ಬರೆಯಬಹುದಿತ್ತು. ಪಾಪ, ಅವನು ಮಾಡಬಹುದಾದದ್ದು ಅದೊಂದೇ. ಅದಕ್ಕೇ ಮತ್ತೆ ಮತ್ತೆ ಮಾಡುತ್ತಿದ್ದಾನೆ. ಬೆರಳು ತನ್ನಷ್ಟಕ್ಕೇ ಅಲುಗಿತು. ಅವಳು ಮುಷ್ಟಿ ಕಟ್ಟಿಕೊಂಡಳು.

"ಎಷ್ಟು ಜನ ಬೈಯೋರು ಗೊತ್ತಾ ಇವರನ್ನ," ಗುಂಡಿ ನಾದಿನಿಗೆ ಹೇಳುತ್ತಿದ್ದಳು. "ಒಂದು ಉತ್ತರಕ್ಕೆ ಹತ್ತು ತುಂಡು ಕಳಿಸ್ತಾರೆ, ಒಂಬತ್ತರಲ್ಲಿ ಬೀದಿ ಸುದ್ದಿ. ಇವರನ್ನ ಕಟ್ಟೆಯಿಂದ ಇಳಿಸಿ ಅಂತ ನನಗೆ ದೂರು ಬರ್ತಿತ್ತು. ನಾನಂದೆ, ಬೇಡದಿದ್ದೋರು ಕೊನೇ ತುಂಡು ಓದಿ, ವಿಷಯ ಬಾಲದಲ್ಲಿರುತ್ತೆ. ಅಗೋ ಬಾಗಿಲಲ್ಲಿ ನಿಂತಿದಾರಲ್ಲ, ಅವರೇ ಮೊದಲನೇ ದೂರುದಾರ್ರು. 'ನಿಮ್ಮ ಕಿಟಕಿ ಕಟ್ಕೊಂಡು ನಾನೇನ್ ಮಾಡ್ಲಿ, ಸೂಜಿ ವಿಷಯ ಹೇಳಿ' ಅಂತ."

ದಬ್ಬಣ ಗಡ್ಡ ಕೆರೆದುಕೊಂಡ. "ಈಗ್ಲೂ ಅದನ್ನೇ ಹೇಳ್ತೀನಿ."

"ಸಾವಿನ ಮನೇಲಾದ್ರೂ ಬಿಡಿ ಮಾರಾಯ್ರೇ."

ನಾದಿನಿಗೆ ಇದಾವುದೂ ಬೇಕಿರಲಿಲ್ಲ. ಅವಳ ಮುಖ ಬೇರೆಯಾಗಿತ್ತು. "ಹೊರಗಿನೋರ ಹತ್ರ ಅಷ್ಟು ಮಾತಾಡ್ತಿದ್ನಾ?" ಎಂದಳು. ಬಸ್ಸಿನ ಗಂಟಲು ಎಲ್ಲೋ ಇಳಿದು ಹೋಗಿತ್ತು. "ನಾನು ತಿಂಗಳಿಗೊಂದ್ಸಲ ಬಂದು ಈ ಸ್ಟೂಲ್ ಮೇಲೆ ಕೂತು ಬಾಯಿ ಒಣಗೋವರೆಗೂ ಹರಟ್ತಿದ್ದೆ. ಅವನು 'ಹೂಂ' ಅಂತಿದ್ದ. ಎದ್ದು ಹೊರಟ್ರೆ ತಲೆ ಎತ್ತಿ ಕೂಡ ನೋಡ್ತಿರ್ಲಿಲ್ಲ. ನಾನು ಬರೋದೇ ಇವನಿಗೆ ಬೇಡ್ವೇನೋ ಅಂದ್ಕೊಂಡು ಎಷ್ಟು ಸಲ ಬಸ್ಸಲ್ಲಿ ಅತ್ತಿದೀನಿ. ಇದ್ದ ಮಾತನ್ನೆಲ್ಲ ನಿಮಗೆ ಕೊಟ್ಟು ನನಗೆ ಬರೀ ಹೂಂ ಇಟ್ಟಿದ್ನಾ?"

ಅತ್ತಿಗೆಯ ಬಾಯಿ ತೆರೆಯಿತು. ಈಗ ಹೇಳಬೇಕು. ಅವನಲ್ಲ ಕಣೇ, ನಾನು. ಅವನು ನಿನಗೆ ಎಷ್ಟು ಕೊಟ್ಟನೋ ಎಲ್ಲರಿಗೂ ಅಷ್ಟೇ ಕೊಟ್ಟದ್ದು. ಹೇಳಿದರೆ ಇವಳ ಹೊಟ್ಟೆಯುರಿ ಆರುತ್ತದೆ. ತನಗೂ ನಾಳೆ ಬೆಳಿಗ್ಗೆ ಕಿಟಕಿಯ ಬಳಿ ಕೂತು ಬರೆಯಲು ಒಂದು ಜಾಗ ಉಳಿಯುತ್ತದೆ. ಈ ಮನೆಯಲ್ಲಿ ಇನ್ನು ಮಾತು ಎಲ್ಲಿಗೆ ಹೋಗಬೇಕು?

"ನಿಮ್ಮ ಬಗ್ಗೆ ಬರ್ದಿದಾರಲ್ಲ!" ಗುಂಡಿ ತಟ್ಟನೆ ಎಂದಳು. "ಬಸ್ಸಲ್ಲಿ ಕೆಲಸ ಮಾಡ್ತಿದ್ದ ತಂಗಿ ಅಂದ್ರೆ ನೀವೇ ತಾನೆ? ಇರಿ, ಇರಿ." ಫೋನಿನಲ್ಲಿ ಹುಡುಕಿ ಓದಿದಳು:

"'ಇವತ್ತು ನನ್ನ ತಂಗಿ ಬಂದಿದಾಳೆ. ಮಿಷನ್ನಿಗಿಂತ ಜೋರು ಸದ್ದು. ಎಲ್ಲಾ ಬಸ್ಸೂ ಈ ಕೋಣೇಲೇ ನಿಂತು ಹೋಗೋ ಹಾಗಿದೆ.' ಆಮೇಲೆ ಇನ್ನೊಂದು ತುಂಡು. 'ಈಗ ಹೊರಟ್ಲು. ಅವಳು ಹೋಗೋವಾಗ ನಾವು ನೋಡೋದಿಲ್ಲ. ಅವಳ ಎಡಗಾಲು ಈಚೆಗೆ ಎಳೀತಿದೆ, ನೋಡಿದ್ರೆ ಸಂಕಟ ಆಗುತ್ತೆ.' ಆಮೇಲೆ, 'ಅವಳು ಹೋದ ಮೇಲೆ ಎರಡು ದಿನ ಈ ಮನೆ ಕಿವುಡಾದ ಹಾಗಿರುತ್ತೆ. ಅವಳಿಗೆ ಹೇಳ್ಬೇಡಿ, ಇನ್ನೂ ಜೋರು ಮಾಡ್ತಾಳೆ.' ಕೊನೇದು, 'ಬಾಬಿನ್ ಕೇಸ್ ಒಳಗೆ ನೂಲಿನ ಚೂರು ಸಿಕ್ಕಿದೆ. ತೆಗೀರಿ.'"

ನಾದಿನಿ ತನ್ನ ಎಡಗಾಲನ್ನು ನೋಡಿಕೊಂಡಳು. ನಿಧಾನವಾಗಿ ಎದ್ದು ಮಂಚದ ಬಳಿಗೆ ಹೋದಳು. ಅಣ್ಣನ ಹಣೆಯ ಮೇಲೆ ಕೈಯಿಟ್ಟು, "ಕಳ್ಳ," ಎಂದಳು. "ಕಳ್ಳ ನನ್ ಮಗನೇ. ನೋಡಿದ್ದೆಯಾ? ನೋಡಿದ್ದೆಯೇನೋ?"

ಅವಳು ನಗುತ್ತಿದ್ದಳು, ಕಣ್ಣಿನಿಂದ ಧಾರೆಯಾಗಿ ನೀರಿಳಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅತ್ತಿಗೆ ಅವಳನ್ನು ಬಲ್ಲವಳು. ಆ ಮುಖ ಅಷ್ಟು ಹಗುರವಾದದ್ದನ್ನು ಕಂಡಿರಲಿಲ್ಲ.

ತೆರೆದಿದ್ದ ಬಾಯನ್ನು ಅತ್ತಿಗೆ ಮುಚ್ಚಿಕೊಂಡಳು.

* * *

ಬರೆದದ್ದನ್ನು ಅವನು ಓದಿಸಿ ಕೇಳುತ್ತಿದ್ದುದು ಅಪರೂಪ. ಅವನ ಮಾತು ಬಾಲದಲ್ಲಿ ಸರಿಯಾಗಿ ಬಿತ್ತೇ ಇಲ್ಲವೇ, ಅದಷ್ಟೇ ಅವನಿಗೆ. ಹೆಂಡತಿ ನಡುವೆ ಏನು ಬರೆಯುತ್ತಾಳೆ ಎಂದು ಅವನು ಕೇಳಿದವನಲ್ಲ, ಬೇಡವೆಂದವನೂ ಅಲ್ಲ.

ಒಂದು ಮಧ್ಯಾಹ್ನ ಯಾರದೋ ಹಳೆಯ ಮಿಷನ್ನು ಬಹಳ ಸತಾಯಿಸಿತು. ಅವನು ಮೂರು ಮಿಷನ್ನು ಬಿಚ್ಚಿ ನೋಡಿದರೂ ಉತ್ತರ ಸಿಗಲಿಲ್ಲ. ಬೀದಿ ಖಾಲಿ. ಎದುರು ಮಹಡಿ ಖಾಲಿ. ಬರೆಯಲು ಏನೂ ಇರಲಿಲ್ಲ. ಅತ್ತಿಗೆ ಆಗಷ್ಟೇ ತಲೆ ಬಾಚಿಕೊಂಡು ಬಂದು ಕೂತಿದ್ದಳು. ಕಿಟಕಿಯ ಗಾಜಿನಲ್ಲಿ ಅವಳದೇ ಮುಖ ಕಂಡಿತು. ಕಣ್ಣಿಗೆ ಕಂಡದ್ದನ್ನು ಬರೆಯುವವಳು, ಅದನ್ನೇ ಬರೆದಳು.

"ಏನ್ ಬರ್ದೆ?" ಅವನು ಕೇಳಿದ, ತಲೆ ಎತ್ತದೆ.

ಅವಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. "ಏನಿಲ್ಲ."

"ಓದು."

ಬೇರೆ ಏನಾದರೂ ಓದಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಹೇಗೋ ಧೈರ್ಯ ಬಂತು, ಅಥವಾ ಇಷ್ಟು ವರ್ಷದ ಆಸೆಯೇ ಬಾಯಿಗೆ ಬಂತು. ಮೆಲ್ಲನೆ ಓದಿದಳು: "'ನಮ್ಮನೆಯವಳು ಕಿಟಕಿ ಹತ್ರ ಕೂತಿದಾಳೆ. ಬೆಳಕು ಒಂದು ಕಡೆ ಕೆನ್ನೆ ಮೇಲೆ ಬಿದ್ದಿದೆ. ಇಷ್ಟು ವರ್ಷ ಆಯ್ತು, ಈಗ್ಲೂ ಅವಳನ್ನ ನೋಡ್ತಾ ಕೂತ್ರೆ ಸ್ಕ್ರೂ ಎಲ್ಲಿಟ್ಟೆ ಅಂತ ಮರ್ತು ಹೋಗುತ್ತೆ.'"

ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಕಿಟಕಿಯ ಕಡೆ ತಿರುಗಿ, ಬಿಚ್ಚಿದ ಮಿಷನ್ನನ್ನು ಪರೀಕ್ಷಿಸುವವನ ಹಾಗೆ, ಅವಳನ್ನು ಸಾವಕಾಶವಾಗಿ ನೋಡಿದ.

"ಸ್ಕ್ರೂ ಮರೆಯೋನಲ್ಲ ನಾನು," ಎಂದ.

ಅತ್ತಿಗೆ ತಲೆ ತಗ್ಗಿಸಿದಳು. ಅಳಿಸಲು ಬೆರಳು ಇಡುವಷ್ಟರಲ್ಲಿ ಅವನು ಮತ್ತೆ ಸ್ಕ್ರೂಡ್ರೈವರು ಎತ್ತಿಕೊಂಡಿದ್ದ.

"ಸ್ಕ್ರೂದೊಂದು ತೆಗೆ. ಉಳಿದದ್ದು ಹಾಕು."

* * *

ಸ್ಮಶಾನದಲ್ಲಿ ಇವರಿಗಿಂತ ಮುಂಚೆ ಬಂದವರ ಸರದಿ ಮುಗಿದಿರಲಿಲ್ಲ. ಸಿಮೆಂಟಿನ ಬೆಂಚುಗಳ ಮೇಲೆ ಜನ ಹಂಚಿಕೊಂಡು ಕೂತರು. ನಾದಿನಿ ದೂರದಲ್ಲಿ ಗುಂಡಿಯನ್ನು ಹಿಡಿದುಕೊಂಡು, ಅಣ್ಣ ಇನ್ನೂ ಏನೇನು ಬರೆದಿದ್ದಾನೆ ಹೇಳು ಎಂದು ಬಿಡದೆ ಕೇಳುತ್ತಿದ್ದಳು. ಒಬ್ಬಳೇ ಕೂತಿದ್ದ ಅತ್ತಿಗೆಯ ಬೆಂಚಿನ ಇನ್ನೊಂದು ತುದಿಗೆ ದಬ್ಬಣ ಬಂದು ಕೂತ. ಮೊಳೆ ಹೊಡೆದೂ ಹೊಡೆದೂ ಚಪ್ಪಟೆಯಾದ ಬೆರಳುಗಳನ್ನು ಮೊಣಕಾಲ ಮೇಲಿಟ್ಟುಕೊಂಡ.

"ನಂಗೆ ಸುತ್ತು ಬಳಸೋಕೆ ಬರಲ್ಲ. ಬರೀತಿದ್ದೋರು ನೀವು."

ಅತ್ತಿಗೆ ಬೆಚ್ಚಿ ಅವನ ಮುಖ ನೋಡಿದಳು. "ಯಾರು ಹೇಳಿದ್ದು?"

"ನೀವೇ. ನಿನ್ನೆ ಮಧ್ಯಾಹ್ನ ಕೊನೇ ತುಂಡು ಏನ್ ಕಳಿಸಿದ್ರಿ? 'ಇರಿ, ಒಳಗೆ ಏನೋ ಬಿತ್ತು, ನೋಡಿ ಬರ್ತೀನಿ.' ಎಲ್ಲರೂ ಅದನ್ನ ಓದಿ ಅಯ್ಯೋ ಪಾಪ ಅಂದ್ರು. ನಾನು ಇಡೀ ದಾರಿ ಬಸ್ಸಲ್ಲಿ ಅದನ್ನೇ ಯೋಚಿಸಿದೆ. ಬಿದ್ದೋನು ತಾನು ಬಿದ್ದ ಸದ್ದು ಕೇಳಿ ನೋಡಿ ಬರ್ತೀನಿ ಅಂತ ಹೇಗೆ ಬರೀತಾನೆ?"

ಅತ್ತಿಗೆಯ ಕಿವಿಯಲ್ಲಿ ಆ ಸದ್ದು ಮತ್ತೆ ಕೇಳಿತು. ನಿನ್ನೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಅವಳು, ಮಿಷನ್ನಿನ ತಲೆ ಉರುಳಿತೆಂದುಕೊಂಡು ನಿಧಾನವಾಗಿ, ಬರೆದು ಮುಗಿಸಿ, ಕಳಿಸಿ, ಆಮೇಲೆ ಎದ್ದಿದ್ದಳು.

"ಬೇಗ ಎದ್ದಿದ್ರೂ ಏನೂ ಆಗ್ತಿರ್ಲಿಲ್ಲ ಅಂದ್ರು ಡಾಕ್ಟ್ರು," ಎಂದಳು, ಅವನು ಕೇಳದಿದ್ದರೂ.

"ನಾನು ಅದಕ್ಕೆ ಹೇಳ್ಲಿಲ್ಲ." ದಬ್ಬಣ ತನ್ನ ಬೆರಳುಗಳನ್ನು ನೋಡಿಕೊಂಡ. "ಮೊದಲಿಂದ್ಲೂ ಅನುಮಾನ ಇತ್ತು. ಇಷ್ಟಪಟ್ಟೋರು ಓದಿ ನಕ್ಕು ಮರ್ತುಬಿಡ್ತಾರೆ. ಬೈಯೋನು ಹಾಗಲ್ಲ, ಒಂದೊಂದು ಅಕ್ಷರಾನೂ ಹಿಡಿದು ನೋಡ್ತಾನೆ. ಬಾಲದ ಮಾತು ಒಂದು ಜಾತಿ, ಮೇಲಿನ ಮಾತು ಇನ್ನೊಂದು ಜಾತಿ. ಒಂದು ಬಟ್ಟೆಗೆ ಎರಡು ಕೈ ಹೊಲಿಗೆ ಬಿದ್ದಿದ್ರೆ ನಮಗೆ ಗೊತ್ತಾಗಲ್ವಾ?"

"ಅಷ್ಟು ಬೈದು ಎಲ್ಲಾ ಓದ್ತಿದ್ರಾ?"

"ಓದ್ದೆ ಬೈಯೋಕಾಗುತ್ತಾ?" ಅವನು ಮುಖ ಆಚೆ ತಿರುಗಿಸಿದ. "ಅಂಗಡಿ ತೆಗೆದು ಮೊದಲು ನಿಮ್ಮ ಕಿಟಕಿ ನೋಡ್ತಿದ್ದೆ. ಆಮೇಲೆ ಬೈದು ಕೆಲಸ ಶುರು ಮಾಡ್ತಿದ್ದೆ. ಗುಂಡಿಗೆ ಹೇಳ್ತೀನಿ ಇರಿ. ನಿಮ್ಮ ಹೆಸರಲ್ಲೇ ಬರೀರಿ ನಾಳೆಯಿಂದ."

"ಬೇಡಿ!"

"ಯಾಕೆ? ಮಿಷನ್ ವಿಷಯ ಗೊತ್ತಿಲ್ಲ ಅಂತಲಾ? ಅದು ಹೇಳೋಕೆ ಬೇಕಾದಷ್ಟು ಜನ ಇದಾರೆ."

ಅತ್ತಿಗೆ ದೂರದ ಬೆಂಚಿನ ಕಡೆ ಕಣ್ಣಲ್ಲೇ ತೋರಿಸಿದಳು. ನಾದಿನಿ ಯಾರೋ ಹೊಸಬರನ್ನು ಹಿಡಿದು ತನ್ನ ಎಡಗಾಲನ್ನು ತೋರಿಸಿ ಏನೋ ಹೇಳುತ್ತಿದ್ದಳು. ಕೇಳದಷ್ಟು ದೂರವಿದ್ದರೂ ಏನು ಹೇಳುತ್ತಿದ್ದಾಳೆಂದು ತಿಳಿಯುತ್ತಿತ್ತು.

"ಅವಳಿಗೆ ಅಣ್ಣ ಸಿಕ್ಕಿರೋದು ಇವತ್ತು," ಎಂದಳು ಅತ್ತಿಗೆ. "ಅದನ್ನ ಹೇಗೆ ಕಿತ್ಕೊಳ್ಲಿ? ಬೇರೆ ಹೆಸರಿಟ್ಕೊಂಡು ಬಂದ್ರೆ ಎರಡು ಸಾಲಿಗೇ ಸಿಕ್ಕಿಬೀಳ್ತೀನಿ. ನನಗೆ ಇನ್ನೊಂದು ಥರ ಬರೆಯೋಕೆ ಬರಲ್ಲ. ಕಲಿತಿರೋದೇ ಇದೊಂದು."

ದಬ್ಬಣ ಆ ಕಡೆ ನೋಡಿದ, ಈ ಕಡೆ ನೋಡಿದ. ಒಳಗಿನಿಂದ ಯಾರೋ ಕೈ ಬೀಸಿ ಕರೆದರು. ಇವರ ಸರದಿ ಬಂದಿತ್ತು. ಅವನು ಮೊಣಕಾಲು ಹಿಡಿದು ಎದ್ದ.

"ಹಾಗಾದ್ರೆ ನಾಳೆಯಿಂದ ನಾನು ಬೆಳಿಗ್ಗೆ ಎದ್ದು ಯಾರನ್ನ ಬೈಲಿ?" ಎಂದ. ಅದು ತಮಾಷೆಯಾಗಿರಲಿಲ್ಲ.

* * *

ಮನೆಗೆ ಮರಳಿದಾಗ ಮಂಚ ತೆಗೆದಿದ್ದರು. ಕೋಣೆ ಅಗಲವಾಗಿ ಕಾಣುತ್ತಿತ್ತು. ಪಕ್ಕದ ಮನೆಯವರು ಚಹಾ ತಂದಿಟ್ಟಿದ್ದರು. ದೂರದವರು ಒಬ್ಬೊಬ್ಬರಾಗಿ ಹೊರಟರು. ಗುಂಡಿ ಮಾತ್ರ ಫೋನು ಹಿಡಿದು ಅತ್ತಿಗೆಯ ಎದುರು ಬಂದು ಕೂತಳು.

"ಒಂದು ಮಾತು ಕೇಳಬೇಕು. ಕಟ್ಟೇಲಿ ಯಾರಾದ್ರೂ ಹೋದ್ರೆ ಅವರ ಹೆಸರಿಗೆ ಬೀಗ ಹಾಕ್ತೀವಿ. ಬರೆದದ್ದೆಲ್ಲ ಇರುತ್ತೆ, ಯಾರು ಬೇಕಾದ್ರೂ ಓದಬಹುದು. ಆದ್ರೆ ಆ ಹೆಸರಿಂದ ಇನ್ಯಾರೂ ಬರೆಯೋಕಾಗಲ್ಲ. ಒಮ್ಮೆ ಹಾಕಿದ ಮೇಲೆ ತೆಗೆಯೋಕೆ ನನ್ನ ಕೈಲೂ ಆಗಲ್ಲ. ಮನೆಯೋರೂ ಅದ್ರಲ್ಲಿ ಬರೀತಿದ್ರೆ ಅದು ಬೇರೆ ಮಾತು, ಅವರಿಗೆ ಬಿಟ್ಟುಕೊಡ್ತೀವಿ." ಅವಳು ತಡೆದು ತಡೆದು ಕೇಳಿದಳು. "ನೀವೇನಾದ್ರೂ ಬರೆದದ್ದಿದ್ಯಾ ತಾಯಿ?"

ಚಹಾದ ಲೋಟ ಹಿಡಿದಿದ್ದ ನಾದಿನಿ ತಲೆ ಎತ್ತಿದಳು. ಅವಳ ಕಣ್ಣು ಊದಿ ಕೆಂಪಾಗಿತ್ತು. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ದಬ್ಬಣ ಬಗ್ಗಿದವನು ಬಗ್ಗಿದಂತೆಯೇ ನಿಂತ.

ಕಿಟಕಿಯಾಚೆ ಎದುರು ಮನೆಯವನು ತನ್ನ ಸ್ಕೂಟರನ್ನು ಮೊದಲಿದ್ದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದ. ನಿಲ್ಲಿಸಿದ ಮೇಲೆ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ, ಒರೆಸಿ ಅಂಗೈ ನೋಡಿಕೊಂಡ. ಅತ್ತಿಗೆ ಅದನ್ನು ಕೊನೆಯವರೆಗೂ ನೋಡಿದಳು.

"ನಾನು ಫೋನ್ ಹಿಡ್ಕೊಂಡಿರ್ತಿದ್ದೆ, ಅಷ್ಟೆ," ಎಂದಳು. "ಹೇಳ್ತಿದ್ದದ್ದೆಲ್ಲ ಅವರ್ದೇ."

"ಹಾಗಾದ್ರೆ ಹಾಕ್ಬಿಡ್ಲಾ?"

"ಹಾಕಿ."

ಗುಂಡಿ ಒತ್ತಿದಳು. ಸದ್ದೇನೂ ಆಗಲಿಲ್ಲ. ಹೊಸ್ತಿಲಲ್ಲಿ ದಬ್ಬಣ ಇನ್ನೊಂದು ಚಪ್ಪಲಿಯನ್ನು ಹಾಕಿಕೊಂಡು, ಯಾರಿಗೂ ಹೇಳದೆ, ಬೀದಿಗಿಳಿದು ಹೋದ.

ಸಂಜೆಗೆ ಇಬ್ಬರೇ ಉಳಿದರು. ನಾದಿನಿ ನಾಲ್ಕು ದಿನ ಇಲ್ಲೇ ಇರುವುದೆಂದು ಆಗಿತ್ತು. ಗುಂಡಿ ಅವಳ ಫೋನಿನಲ್ಲಿ ಕಟ್ಟೆಯನ್ನು ತೆರೆದು, ಅಣ್ಣ ಬರೆದದ್ದನ್ನೆಲ್ಲ ಹೇಗೆ ನೋಡುವುದೆಂದು ತೋರಿಸಿಕೊಟ್ಟು ಹೋಗಿದ್ದಳು. ದೀಪ ಹಾಕಿ, ಸ್ಟೂಲಿನ ಮೇಲೆ ಕೂತು, ನಾದಿನಿ ಬೆರಳಿಟ್ಟು ಓದುತ್ತಿದ್ದಳು. ಒಮ್ಮೆ ನಗುವಳು, ಒಮ್ಮೆ ಮೂಗೊರೆಸಿಕೊಳ್ಳುವಳು.

"ಕೇಳು ಅತ್ತಿಗೆ, ಕೇಳು. ಎದುರು ಮಹಡಿಯೋಳ ಹೊದಿಕೆ ಹಾರಿ ಹೋಯ್ತಂತೆ. ಇವನು ಇಂಥದ್ದೆಲ್ಲ ನೋಡ್ತಿದ್ದ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ ಕಣೆ," ಎಂದಳು ಅತ್ತಿಗೆ ಕಿಟಕಿಯ ಬಳಿಯಿಂದ. "ಆಮೇಲೆ?"

ಬಾಯಿಂದ ಅದು ತಾನಾಗಿ ಬಂದಿತ್ತು. ನಾದಿನಿ ಹುರುಪಿನಿಂದ ಮುಂದೆ ಓದಿದಳು. ತನ್ನ ಮಾತುಗಳು ಇನ್ನೊಬ್ಬಳ ಬಾಯಿಂದ, ಅವನ ಹೆಸರಿನಲ್ಲಿ, ಆ ಕೋಣೆಯ ಮಿಷನ್ನುಗಳ ನಡುವೆ ಓಡಾಡುವುದನ್ನು ಅತ್ತಿಗೆ ಕೇಳಿದಳು. ಕೇಳುತ್ತ ಕೇಳುತ್ತ ಅವು ನಿಜವಾಗಿ ಅವನವೇ ಇರಬಹುದೇನೋ, ಅವನು ಹೇಳಿದ್ದನ್ನೇ ತಾನು ಬರೆದೆನೇನೋ ಎನ್ನಿಸಿತು. ಬದುಕಿದ್ದಾಗ ಅವನು ಎಂದೂ ಹೀಗೆ ಒಂದೇ ಸಮನೆ ಮಾತಾಡಿರಲಿಲ್ಲ.

ನಾದಿನಿ ಇದ್ದಕ್ಕಿದ್ದಂತೆ ಓದುವುದನ್ನು ನಿಲ್ಲಿಸಿದಳು. ಫೋನನ್ನು ಮುಖಕ್ಕೆ ಹತ್ತಿರ ತಂದುಕೊಂಡು ಮನಸ್ಸಿನಲ್ಲೇ ಏನೋ ಓದಿಕೊಂಡಳು. ಆಮೇಲೆ ಅತ್ತಿಗೆಯನ್ನು, ಇದೇ ಮೊದಲ ಸಲ ಕಾಣುತ್ತಿರುವವಳ ಹಾಗೆ ನೋಡಿದಳು.

"ಅತ್ತಿಗೆ, ಇಲ್ಲಿ ನಿನ್ನ ಬಗ್ಗೆ ಬರ್ದಿದಾನೆ ಕಣೆ."

ಅತ್ತಿಗೆ ಕಿಟಕಿಯಿಂದ ಇತ್ತ ತಿರುಗಿದಳು.

"ಓದ್ಲಾ? ನಾಚ್ಕೋಬಾರ್ದು ಮತ್ತೆ."

ಅತ್ತಿಗೆ ಕಣ್ಣೊರೆಸಿಕೊಂಡಳು. ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಫೋಟೊ ತೆಗೆಯುವವನ ಮುಂದೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿ ಜೋಡಿಸಿ, ಉಸಿರು ಹಿಡಿದು ಕೂತಳು.